ಬೆಟ್ಟದ ಪಾಲು

ರೇಣುಕಯ್ಯನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಊಟದ ಎಲೆಯ ಮುಂದೆಯೂ ಒಂದು ಮೊಣಕಾಲು ಎತ್ತಿಕೊಂಡೇ ಕೂರುವವನು, ಎಲ್ಲಿಗೋ ಹೋಗುವ ಬಸ್ಸು ತಪ್ಪುತ್ತದೆ ಅನ್ನುವ ಹಾಗೆ. ಹುಲಿಕುಂಟೆಯಲ್ಲಿ ಅವನ ತಾಯಿ, "ಹುಟ್ಟುವಾಗ್ಲೇ ಇವನ ಕಾಲಿಗೆ ಚಕ್ರ ಕಟ್ಟಿ ಕಳಿಸವ್ನೆ ದ್ಯಾವ್ರು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಅಂಥವನಿಗೆ ಸಿಕ್ಕ ನೌಕರಿಯೂ ಅಂಥದ್ದೇ.

ಮಧುಗಿರಿಯ ಹೊರವಲಯದಲ್ಲಿ ಆಗ ಒಂದು ಸಸ್ಯೋದ್ಯಾನವಿತ್ತು. ಬೋರ್ಡಿನ ಮೇಲೆ ಉದ್ದನೆಯ ಹೆಸರು ಬರೆದಿದ್ದರೂ ಜನ ಅದನ್ನು ಗಿಡದಾಫೀಸು ಎಂದೇ ಕರೆಯುತ್ತಿದ್ದರು. ಸಿರಾ, ಕೊರಟಗೆರೆ, ಪಾವಗಡ ಕಡೆಯ ಗುಡ್ಡಬೆಟ್ಟ ಸುತ್ತಿ ಅಪರೂಪದ ಗಿಡಗಳನ್ನು ಹುಡುಕುವುದು ರೇಣುಕಯ್ಯನ ಕೆಲಸ. ಬದುಕುವ ಗಿಡ ತೋಟಕ್ಕೆ; ಕೊಯ್ದ ರೆಂಬೆ ಪತ್ರಿಕೆಗಳ ನಡುವೆ ಒತ್ತಿ ಒಣಗಿ, ದಪ್ಪ ಹಾಳೆಗೆ ಅಂಟಿಕೊಂಡು ಒಳಕೋಣೆಯ ಬೀರುವಿಗೆ; ಬೀಜ ಗಾಜಿನ ಸೀಸೆಯಲ್ಲಿ ಕೂತು ಫ್ರಿಜ್ಜಿಗೆ. ರೆಂಬೆ ಒತ್ತುವ ಹಲಗೆಗಳಿಗೆ ತೋಟದ ಮಾಲಿ ಬೋರಪ್ಪ ಹಪ್ಪಳದ ಮಣೆ ಎಂದು ಹೆಸರಿಟ್ಟಿದ್ದ. "ರೇಣುಕಣ್ಣ, ಇವತ್ತೆಷ್ಟು ಹಪ್ಪಳ ಹಾಕ್ದೆ?" ಎಂದು ದಿನವೂ ಕೇಳುವನು. ದಿನವೂ ಅದೇ ಮಾತು ಕೇಳಿದರೆ ಎಂಥ ಸಮಾಧಾನಿಗೂ ಮೈ ಉರಿಯುತ್ತದೆ. ರೇಣುಕಯ್ಯ ಸಮಾಧಾನಿಯೇನೂ ಆಗಿರಲಿಲ್ಲ.

ಎಂಬತ್ಮೂರನೆಯ ಇಸವಿಯ ಮಾಗಿಯಲ್ಲಿ ಸಿದ್ದರಬೆಟ್ಟದ ಪಡುವಣ ಕೊರಕಲಿನಲ್ಲಿ ಅವನಿಗೆ ಒಂದು ಬಳ್ಳಿ ಸಿಕ್ಕಿತು. ಬಂಡೆಯ ಬಿರುಕಿನಿಂದ ಎದ್ದು, ಬಂಡೆಯನ್ನೇ ತಬ್ಬಿಕೊಂಡು ಹತ್ತಿತ್ತು. ಬೆರಳುದ್ದದ ಕಾಯಿ, ಒಳಗೆ ನುಣ್ಣನೆಯ ಕಂದು ಬೀಜ. ಕಾಯಿ ಸಮೇತ ಒಂದು ರೆಂಬೆ ಕೊಯ್ದು ಒತ್ತಿ ತಂದ. ತೋಟದ ಮುಖ್ಯಸ್ಥರಾದ ಡಾಕ್ಟರ್ ಸಿದ್ದಗಂಗಯ್ಯನವರು ಭೂತಗನ್ನಡಿ ಹಿಡಿದು ವಾರಗಟ್ಟಲೆ ಪುಸ್ತಕ ತಿರುವಿದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಇದು ಯಾವ ಪುಸ್ತಕದಲ್ಲೂ ಇಲ್ಲ ರೇಣುಕಯ್ಯನವರೇ. ಹೊಸದೇ ಇರಬೇಕು" ಎಂದರು. ಅವತ್ತಿನಿಂದ ರೇಣುಕಯ್ಯನಿಗೆ ಅರೆಬರೆ ಇದ್ದ ನಿದ್ದೆಯೂ ಹೋಯಿತು. ಆ ಒಂದು ಕೊರಕಲು ಬಿಟ್ಟರೆ ಆ ಬಳ್ಳಿ ಎಲ್ಲೂ ಇರಲಿಲ್ಲ. ಎರಡು ಬೇರು ಕಿತ್ತು ತಂದು ತೋಟದಲ್ಲಿ ನೆಟ್ಟ. ಬಂಡೆಯೊಳಗೆ ಇಳಿದ ಬೇರು ತುಂಡಾಗದೆ ಬರುವಂಥದ್ದಲ್ಲ, ಎರಡೂ ಒಣಗಿದವು. ಇನ್ನು ಉಳಿದದ್ದು ಬೀಜದ ದಾರಿಯೊಂದೇ.

ಬೆಟ್ಟದ ತಪ್ಪಲಿನ ಹಟ್ಟಿಯಲ್ಲಿ ಮೇಕೆ ಸಾಕಿಕೊಂಡಿದ್ದ ಕ್ಯಾತಮ್ಮನಿಗೆ ಆ ಬಳ್ಳಿ ಹಳೆಯ ಪರಿಚಯ. ಅವಳು ಅದನ್ನು ಕಲ್ಲುನಂಜಿ ಅನ್ನುತ್ತಿದ್ದಳು. ಹೆಸರಿಗೆ ತಕ್ಕ ನಂಜೇ; ಹಸಿ ಬೀಜ ನಾಲ್ಕು ಅಗಿದರೆ ಮೇಕೆ ಸಂಜೆ ಕಾಣುವುದಿಲ್ಲ. ಅದನ್ನೇ ಶುದ್ಧಿ ಮಾಡಿ, ಹರಳೆಣ್ಣೆಯಲ್ಲಿ ಅರೆದು ಹಚ್ಚಿದರೆ ಹಿಡಿದುಕೊಂಡ ಮಂಡಿ ಬಿಡುತ್ತದೆ. ಕೊಳಾಲದ ಕಡೆಯಿಂದಲೂ ಮಂಡಿ ಹಿಡಿದವರು ಗಾಡಿ ಕಟ್ಟಿಕೊಂಡು ಅವಳಲ್ಲಿಗೆ ಬರುತ್ತಿದ್ದರು. ಎಂಥ ಆಫೀಸರು ಬಂದರೂ ನೀನು ಎಂದೇ ಮಾತಾಡಿಸುವ ಹೆಂಗಸು. ರೇಣುಕಯ್ಯ ಹುಲಿಕುಂಟೆಯವನು ಎಂದು ಗೊತ್ತಾದ ಮೇಲಂತೂ ಮನೆಯ ಹುಡುಗನಿಗೆ ಬೈದ ಹಾಗೆ ಬೈಯುವಳು.

ಎಂಬತ್ತೈದರ ಸಂಕ್ರಾಂತಿ ಕಳೆದು ಕಾಯಿ ಬಲಿತಾಗ ರೇಣುಕಯ್ಯ ಹಟ್ಟಿಗೆ ಹೋದ.

"ಅರ್ಧ ಕೊಡ್ತೀನಿ ತಗಂಡೋಗು," ಎಂದಳು ಕ್ಯಾತಮ್ಮ. "ಇನ್ನರ್ಧ ಬೆಟ್ಟದ ಪಾಲು. ಅದು ಬಳ್ಳೀಲೇ ಒಣಗಿ ಅಲ್ಲೇ ಸಿಡೀಬೇಕು. ನಮ್ಮತ್ತೆ ಹೇಳಿಕೊಟ್ಟ ದಿನದಿಂದ ಬೆಟ್ಟದ ಪಾಲಿಗೆ ನಾನು ಕೈ ಹಾಕಿಲ್ಲ."

ರೇಣುಕಯ್ಯ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಅರ್ಧ ಎಂದರೆ ಎರಡು ಹಿಡಿಯೂ ಆಗದು. "ಅಜ್ಜಿ, ಹೋದ ಬ್ಯಾಸಿಗೇಲಿ ಮೂಡ್ಲ ಕಡೆ ಬೆಂಕಿ ಬಿದ್ದಿದ್ದು ಮರ್ತ್ಯಾ? ಇಲ್ಲೇ ಬುಟ್ರೆ ಒಂದಿನ ಇದೂ ಸುಟ್ಟೋಗ್ತದೆ. ನಮ್ಮಲ್ಲಿ ಬೆಂಕಿನೂ ಇಲ್ಲ, ಮೇಕೆನೂ ಇಲ್ಲ. ತಣ್ಣನೆ ಪೆಟ್ಟಿಗೇಲಿ ಭದ್ರವಾಗಿರ್ತದೆ. ನಾಳೆ ಬೆಟ್ಟದಾಗೆ ಇಲ್ದೇ ಹೋದ್ರೂ ನಾನೇ ತಿರುಗಿ ತಂದು ಕೊಡ್ತೀನಿ."

"ಇಟ್ಕಳಾಕಾ?"

"ಇಟ್ಕಳಾಕೆ. ಎಷ್ಟು ವರ್ಷ ಇಟ್ರೂ ಕೆಡಬಾರ್ದು, ಅಂಗೆ."

ಅವಳು ಬೆಟ್ಟದ ಕಡೆ ನೋಡಿದಳು, ಅವನ ಮುಖ ನೋಡಿದಳು. "ತಿರುಗಿ ಕೊಡ್ತೀಯಾ? ಮಾತಿಗೆ ತಪ್ಪಾಕಿಲ್ಲ ತಾನೆ?" ಎಂದು ಕೇಳಿದಳು. ಅವನು ತನ್ನ ತಾಯಿಯ ಮೇಲೆ ಆಣೆಯಿಟ್ಟ. "ಆಯ್ತು ಬುಡು. ಮುಂದಿನ ಸಂತೆ ದಿನ ಬಾ," ಎಂದಳು.

ಸಂತೆಯ ದಿನ ಹೋದಾಗ ಬೀಜ ಬಟ್ಟೆಯ ಗಂಟಿನಲ್ಲಿ ಸಿದ್ಧವಾಗಿತ್ತು. ನೆರಳಲ್ಲಿ ಒಣಗಿಸಿ, ಕೇರಿ, ಒಂದು ಕಸವಿಲ್ಲದ ಹಾಗೆ ಹಸನು ಮಾಡಿದ್ದಳು. ಇಡೀ ಕೊರಕಲಿನ ಬೀಜ. ರೇಣುಕಯ್ಯ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ ಓಡಿದ. ಬಸ್ಸಿನಲ್ಲಿ ಮಧುಗಿರಿ ಹತ್ತಿರವಾಗುವಷ್ಟರಲ್ಲಿ ಗಂಟಿಗೆ ಇರುವೆ ಸಾಲುಗಟ್ಟಿತ್ತು. ಇರುವೆ ಬಂದ ಸುದ್ದಿ ಕೇಳಿ ಸಿದ್ದಗಂಗಯ್ಯನವರ ಕಣ್ಣು ಹೊಳೆಯಿತು. ಕೆಲವು ಕಾಡುಗಿಡಗಳ ಬೀಜವನ್ನು ಇರುವೆಗಳೇ ಹೊತ್ತು ಹರಡುತ್ತವೆ, ಇದೂ ಅಂಥದ್ದಿರಬೇಕು ಎಂದು ತಾವು ಬರೆಯುತ್ತಿದ್ದ ಲೇಖನದಲ್ಲಿ ಒಂದು ಪ್ಯಾರಾ ಸೇರಿಸಿದರು.

ಬೀಜ ಸೀಸೆ ಸೇರಿತು, ಸೀಸೆ ಫ್ರಿಜ್ಜು ಸೇರಿತು. ರೇಣುಕಯ್ಯನ ಹೊಸ ಸಂಕಟ ಅಲ್ಲಿಂದ ಶುರು. ಬೇಸಿಗೆ ಬಂತೆಂದರೆ ಮಧುಗಿರಿಯಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಫ್ರಿಜ್ಜಿನ ಗುಂಯ್ ಸದ್ದು ನಿಂತರೆ ಅವನ ಎದೆ ಗುಂಯ್ ಅನ್ನುವುದು. ಸೈಕಲ್ ಏರಿ ಸಂತೆ ಬೀದಿಯ ಐಸ್‌ಕ್ಯಾಂಡಿ ಫ್ಯಾಕ್ಟರಿಗೆ ಹೋಗಿ, ಹೊಟ್ಟಿನಲ್ಲಿ ಸುತ್ತಿದ ಮಂಜಿನ ಗಡ್ಡೆ ಕ್ಯಾರಿಯರಿಗೆ ಬಿಗಿದು, ಷರ್ಟಿನ ಬೆನ್ನೆಲ್ಲ ನೆನೆಸಿಕೊಂಡು ಬರುವನು. ಅಲ್ಲಿಂದ ಬಂದವನು ಫ್ರಿಜ್ಜಿನ ಬಾಗಿಲು ತೆಗೆದು ಸೀಸೆ ಮುಟ್ಟಿ ನೋಡುವನು.

"ನೀನು ಇಂಗೆ ಗಳಿಗೆಗೊಂದ್ಸಾರಿ ಬಾಗ್ಲು ತೆಗೆದ್ರೆ ಒಳಗಿನ ತಂಪು ನಿಂಗೆ ಹೆದರ್ಕೊಂಡೇ ಓಡೋಯ್ತದೆ ಕಣಣ್ಣ," ಎನ್ನುವನು ಬೋರಪ್ಪ.

"ನಿನ್ ಕೆಲಸ ನೀನು ನೋಡ್ಕೊಳ್ಳಲಾ."

ನಾಲ್ಕು ಬೀಜ ಬಿತ್ತಿ ನೋಡೋಣ ಎಂದು ಅವನು ಸಿದ್ದಗಂಗಯ್ಯನವರ ಹಿಂದೆ ಬಿದ್ದ. ಅವರು ಒಪ್ಪಲಿಲ್ಲ. ಒಮ್ಮೆ ಮುಚ್ಚಿದ ಸೀಸೆ ತೆಗೆದರೆ ತೇವ ಸೇರುತ್ತದೆ, ಅವಸರವೇನು ಎಂದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಅವಸರ ಎಂಬ ಮಾತು ಕೇಳಿದರೆ ರೇಣುಕಯ್ಯನಿಗೆ ಆಗುತ್ತಿರಲಿಲ್ಲ, ಅದೂ ನಿಜ.

ಶಿವರಾತ್ರಿ ಕಳೆದ ಮೇಲೆ ಸಿದ್ದರಬೆಟ್ಟದ ಪಡುವಣ ಕೊರಕಲಿಗೆ ಬೆಂಕಿ ಬಿತ್ತು. ಹೊಸ ಹುಲ್ಲು ಬರಲೆಂದು ಯಾರು ಗೀರಿದರೋ, ಯಾರ ಬೀಡಿಯೋ, ತಿಳಿಯಲಿಲ್ಲ. ರೇಣುಕಯ್ಯ ಹೋಗಿ ನೋಡಿದಾಗ ಬಂಡೆಗಳು ಹೆಂಚಿನ ಹಾಗೆ ಕಪ್ಪಾಗಿದ್ದವು. ಬಿರುಕುಗಳಲ್ಲಿ ಬೆರಳು ತೂರಿಸಿ ನೋಡಿದ, ಬೂದಿ ಬಂತು. ಆದರೂ ಒಂದು ಧೈರ್ಯವಿತ್ತು, ಫ್ರಿಜ್ಜಿನಲ್ಲಿ ಸೀಸೆ ಇತ್ತು. ನಾನು ಹೇಳಿದ್ದೇ ಆಯಿತಲ್ಲ, ಎಲ್ಲ ಇಸಿದುಕೊಂಡದ್ದು ಒಳ್ಳೆಯದೇ ಆಯಿತಲ್ಲ ಎಂದು ಇಳಿಯುವಾಗ ಒಳಗೊಳಗೆ ಬೀಗಿದ ಕೂಡ. ಮುಂಗಾರು ಬಿತ್ತು, ಬೆಟ್ಟವೆಲ್ಲ ಹಸಿರಾಯಿತು; ಕೊರಕಲಿನಲ್ಲಿ ಒಂದು ಕಲ್ಲುನಂಜಿಯೂ ಏಳಲಿಲ್ಲ. ಏಳುವುದಕ್ಕೆ ಅಲ್ಲಿ ಒಂದು ಬೀಜವೂ ಬಿದ್ದಿರಲಿಲ್ಲ.

ಈಗ ಸಿದ್ದಗಂಗಯ್ಯನವರು ಸೀಸೆ ತೆಗೆಯಲು ಒಪ್ಪಿದರು. ರೇಣುಕಯ್ಯ ಕುಂಡಗಳಿಗೆ ಬೆಟ್ಟದ ಮಣ್ಣನ್ನೇ ತಂದು ತುಂಬಿ ಅರ್ಧ ಬೀಜ ಬಿತ್ತಿದ. ಆಮೇಲೆ ಅವನನ್ನು ಹಿಡಿಯುವವರಿಲ್ಲ. ಬೆಳಿಗ್ಗೆ ಬಂದವನು ಸಹಿ ಹಾಕುವ ಮೊದಲು ಕುಂಡ ನೋಡುವನು. ಬಿಸಿಲು ಹೆಚ್ಚಾಯಿತೆಂದು ನೆರಳಿಗೆ ತರುವನು, ನೆರಳು ಹೆಚ್ಚಾಯಿತೆಂದು ಬಿಸಿಲಿಗೆ ಹೊರುವನು. ನೀರು ಹೆಚ್ಚು ಹಾಕಿದೆ ಎಂದು ಬೋರಪ್ಪನ ಮೇಲೆ ಹರಿಹಾಯುವನು, ಮಾರನೆಯ ದಿನ ಯಾಕೆ ನೀರು ಹಾಕಲಿಲ್ಲ ಎಂದು ಮತ್ತೆ ಹರಿಹಾಯುವನು. ಆಷಾಢ ಹೋಯಿತು, ಶ್ರಾವಣ ಬಂತು. ಕುಂಡಗಳಲ್ಲಿ ಗರಿಕೆ ಎದ್ದಿತು, ಕಲ್ಲುನಂಜಿ ಏಳಲಿಲ್ಲ. ಕರೆಂಟು ಹೋದ ಆ ಮಧ್ಯಾಹ್ನಗಳನ್ನೆಲ್ಲ ನೆನೆದು, ನಾನು ಇನ್ನೂ ಬೇಗ ಸೈಕಲ್ ತುಳಿಯಬೇಕಿತ್ತು ಎಂದು ಅವನು ತನ್ನನ್ನೇ ಬೈದುಕೊಂಡ. ಹಟ್ಟಿಯ ಕಡೆ ಹೋಗುವುದನ್ನು ಬಿಟ್ಟೇಬಿಟ್ಟ. ಹೋಗಿ ಆ ಮುದುಕಿಯ ಮುಖ ನೋಡುವುದು ಹೇಗೆ?

ಅವನು ಹೋಗದಿದ್ದಾಗ ಅವಳೇ ಬಂದಳು. ಒಂದು ಬೆಳಿಗ್ಗೆ ಬೋರಪ್ಪ ಗೇಟಿನಿಂದ ಕ್ಯಾತಮ್ಮನನ್ನು ಕರೆತಂದ. ಹೆಗಲಿಗೆ ಕಂಬಳಿ, ಕೈಯಲ್ಲಿ ಮೇಕೆ ಅಟ್ಟುವ ಕೋಲು, ಕಾಲಿಗೆ ಕೆಸರು.

"ಮಳೆ ಹದವಾಗೈತೆ," ಎಂದಳು, ನಿಂತುಕೊಂಡೇ. "ಬೆಟ್ಟದ ಪಾಲು ಕೊಡು. ಬಿತ್ತಿ ಬುಡ್ತೀನಿ."

ರೇಣುಕಯ್ಯ ಅವಳನ್ನು ಕುಂಡಗಳ ಸಾಲಿಗೆ ಕರೆದುಕೊಂಡು ಹೋಗಿ, "ಬಿತ್ತೀನಿ ಅಜ್ಜಿ. ಒಂದೂ ಮೊಳೀತಿಲ್ಲ. ನಮ್ ಫ್ರಿಜ್ಜು ಕೆಟ್ಟದ್ದೋ, ನನ್ ಹಣೇಬರ ಕೆಟ್ಟದ್ದೋ," ಎಂದ.

ಕ್ಯಾತಮ್ಮ ಒಂದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಮಣ್ಣಿನೊಳಗೆ ಬೆರಳಿಳಿಸಿದಳು. ಒಂದು ಬೀಜ ಹೆಕ್ಕಿ ತೆಗೆದು ಸೆರಗಿನಲ್ಲಿ ಒರೆಸಿದಳು. ಉಗುರಿನಿಂದ ಒತ್ತಿದಳು, ಮೂಸಿದಳು. ಅವಳ ಮುಖ ಇಳಿದುಹೋಯಿತು.

"ಇದು ನಾನು ಕೊಟ್ಟಿದ್ದೇ ಅಲ್ವಾ. ಇದನ್ಯಾಕೆ ಬಿತ್ತಿದೆ?"

"ಇನ್ನೇನ್ ಮಾಡ್ಬೇಕಿತ್ತು?"

"ಬೆಂದ ಬೀಜ ಹುಟ್ತದಾ ಕಣಪ್ಪ?"

ರೇಣುಕಯ್ಯ ಅವಳನ್ನೇ ನೋಡಿದ. ಅವಳು ತಡವರಿಸುತ್ತ ಹೇಳಿದಳು. ನಂಜಿನ ಬೀಜವನ್ನು ಹಸಿಯಾಗಿ ಮನುಷ್ಯರ ಕೈಗೆ ಕೊಡುವಂತಿಲ್ಲ, ಅದು ಅವಳ ಅತ್ತೆ ಮದ್ದು ಕಲಿಸುವಾಗ ದೀಪ ಮುಟ್ಟಿಸಿ ಹಾಕಿದ ಕಟ್ಟು. ಯಾರ ಮನೆಯಲ್ಲಿ ಯಾವ ಕೂಸಿನ ಬಾಯಿಗೆ ಹೋಗುತ್ತದೋ, ಯಾರಿಗೆ ಯಾರ ಮೇಲೆ ಸಿಟ್ಟಿರುತ್ತದೋ. ಕೊಡುವುದಾದರೆ ಮೇಕೆಯ ಹಾಲಿನಲ್ಲಿ ಮೂರು ಸಲ ಕುದಿಸಿ, ನಂಜು ಇಳಿಸಿ, ನೆರಳಲ್ಲಿ ಒಣಗಿಸಿ ಕೊಡಬೇಕು. ಹಾಗೆ ಮಾಡಿದ್ದು ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ.

"ಹಾಲಿಗೆ ಇರುವೆ ಬಂದಿದ್ದು," ಎಂದ ಬೋರಪ್ಪ ಹಿಂದಿನಿಂದ, ತನಗೆ ತಾನೇ ಹೇಳಿಕೊಂಡ ಹಾಗೆ.

ರೇಣುಕಯ್ಯನಿಗೆ ಸಿಟ್ಟು ನೆತ್ತಿಗೇರಿತು. "ಒಂದ್ಮಾತು ಹೇಳ್ಬಾರ್ದಾಗಿತ್ತಾ ಅಜ್ಜಿ? ಐಸ್ ಹೊತ್ತು ಹೊತ್ತು ನನ್ ಬೆನ್ನು ಹೋಯ್ತು. ಬೇಯಿಸಿದ ಕಾಳಿಗೆ ನಾನು ಕಾವಲು ಕಾದ್ನಾ?"

"ನೀನು ಬಿತ್ತಾಕೆ ಅಂದ್ಯಾ? ಇಟ್ಕಳಾಕೆ ಅಂದೆ. ಕೆಡಬಾರ್ದು ಅಂದೆ. ನಾನು ಬಾಯ್ಬುಟ್ಟು ಕೇಳ್ದೆ, ಇಟ್ಕಳಾಕಾ ಅಂತ. ಬಿತ್ತಾಕೆ ಅಂದಿದ್ರೆ ಹೋಗಿ ಮಣ್ಣು ತಗಂಬಾ ಅಂತಿದ್ದೆ. ಹಸೀದು ಮಣ್ಣಿಗೆ ಮಾತ್ರ ಕೊಡೋದು. ತಿರುಗಿ ಕೊಡ್ತೀನಿ ಅಂದಿದ್ದು ನೀನು ಬೇರು ಕಿತ್ತು ಒಯ್ದ ಬಳ್ಳೀದು ಅಂದ್ಕಂಡೆ." ಅವಳ ದನಿ ಒಡೆಯಿತು. "ಅರ್ಧನಾದ್ರೂ ಬುಡು ಅಂದೆ. ಅದನ್ನೂ ಬುಡಿಸ್ದೆ. ಬೆಟ್ಟದ ಪಾಲನ್ನ ನನ್ ಕೈಯಾರೆ ಒಲೆ ಮೇಲೆ ಇಟ್ಬುಟ್ನಲ್ಲಪ್ಪ."

ಅವಳು ಕುಂಡದ ಪಕ್ಕ ಹಾಗೇ ನೆಲಕ್ಕೆ ಕೂತಳು. ಅವನಿಗೆ ಇನ್ನು ಬೈಯಲು ಯಾರೂ ಉಳಿದಿರಲಿಲ್ಲ. ಅತ್ತರೆ ಚೆನ್ನಾಗಿತ್ತು ಅನ್ನಿಸಿತು, ಅಳುವೂ ಬರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ; ಈ ಊರಿನಲ್ಲಿ ಬಾಗಿಲು ಹಾಕಿ, ಬೀಗ ಜಡಿದು, ಒಳಗೇನಿದೆ ಎಂದು ನೋಡದೆ ಕಾದಿದ್ದರು.

ಗದ್ದಲ ಕೇಳಿ ಸಿದ್ದಗಂಗಯ್ಯನವರು ಹೊರಗೆ ಬಂದರು. ವಿಷಯವೆಲ್ಲ ಕೇಳಿದರು. ಇರುವೆಯ ಪ್ಯಾರಾ ನೆನಪಾಗಿರಬೇಕು, ಕಿವಿ ಕೆಂಪಾಯಿತು. ಆದರೆ ಕೆಟ್ಟ ಮನುಷ್ಯರಲ್ಲ. ಮುದುಕಿಗೆ ಒಂದು ಕುರ್ಚಿ ತರಿಸಿದರು. ಅವಳು ಕೂರಲಿಲ್ಲ.

"ನೋಡಮ್ಮ, ಪೂರಾ ಕಳೆದುಹೋಗಿಲ್ಲ," ಎಂದು ಅವರು ಒಳಗಿನಿಂದ ಒಂದು ಪುಟ್ಟ ಸೀಸೆ ತಂದರು. ತೇವ ಹೀರುವ ನೀಲಿ ಹರಳುಗಳ ನಡುವೆ ಒಣಗಿದ ಎಲೆಯ ಚೂರುಗಳಿದ್ದವು. "ಇದು ಕಲ್ಲುನಂಜಿಯ ಎಲೆ. ಇದರೊಳಗೆ ಡಿಎನ್‌ಎ ಅಂತ ಇದೆ. ಕಣ್ಣಿಗೆ ಕಾಣಲ್ಲ. ಆ ಗಿಡ ಯಾವ ವಂಶದ್ದು, ಹೇಗೆ ಬೆಳೆಯುತ್ತೆ, ನಂಜು ಎಲ್ಲಿಂದ ಬಂತು, ಎಲ್ಲ ಅದರಲ್ಲಿ ಬರೆದಿರುತ್ತೆ. ಗಿಡದ ಜಾತಕ ಅಂತಿಟ್ಟುಕೋ. ಒಣಗಿದ ಎಲೆಯಿಂದಲೂ ಅದನ್ನು ತೆಗೆಯೋದು ಈಗ ಕಲಿತಿದ್ದಾರೆ. ನಾವಿಲ್ಲದಿದ್ದರೂ ಮುಂದಿನವರು ಓದುತ್ತಾರೆ."

ಕ್ಯಾತಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ತಮಾಷೆ ಮಾಡಲು ಅವಳಿಗೆ ಆಗ ಮನಸ್ಸಿರಲಿಲ್ಲ, ನಿಜವಾಗಿಯೇ ಕೇಳಿದಳು. "ಜಾತಕ ಐತೆ, ಸರಿ. ಗಂಡಿಲ್ಲ, ಹೆಣ್ಣಿಲ್ಲ. ಮದುವೆ ಯಾರಿಗ್ ಮಾಡ್ತೀಯ ಸ್ವಾಮಿ?"

ಅವಳು ಸೀಸೆ ಹಿಂದಿರುಗಿಸಿ, ಎಲೆಯನ್ನು ಎಲ್ಲಿಂದ ಕಿತ್ತೆ, ಗಿಡ ತೋರಿಸು ಎಂದಳು. ಮೂವರೂ ಒಳಕೋಣೆಗೆ ಹೋದರು. ನ್ಯಾಫ್ತಲಿನ್ ವಾಸನೆಯ ಆ ಕೋಣೆಯಲ್ಲಿ ರೇಣುಕಯ್ಯ ಬೀರು ತೆಗೆದು, ಮೊದಲ ವರ್ಷ ತಾನೇ ಒತ್ತಿ ಅಂಟಿಸಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟ. ಬಣ್ಣ ಮಾಸಿದ ಬಳ್ಳಿ ಬಂಡೆಯನ್ನು ತಬ್ಬಿದ ಹಾಗೆಯೇ ಬಾಗಿಕೊಂಡಿತ್ತು. ಕ್ಯಾತಮ್ಮ ಸತ್ತವರ ಮುಖ ನೋಡುವ ಹಾಗೆ ಅದರ ಮೇಲೆ ಬಗ್ಗಿದಳು. ಒಂದೆರಡು ಕಾಯಿ ಬಾಯಿ ಬಿಟ್ಟಿದ್ದವು, ಒಳಗೆ ಖಾಲಿ.

"ಇದರ ಬೀಜ ಎಲ್ಲೋದ್ವು?"

ರೇಣುಕಯ್ಯ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಕಾಗದದ ಪೊಟ್ಟಣ ಅಂಟಿತ್ತು. ಒತ್ತಿದಾಗ ಉದುರಿದ್ದನ್ನೆಲ್ಲ ಪೊಟ್ಟಣ ಕಟ್ಟಿ ಅದೇ ಹಾಳೆಗೆ ಅಂಟಿಸುವುದು ಈ ಕೆಲಸದ ರೂಢಿ. ಎಷ್ಟೋ ಹಾಳೆಗಳಿಗೆ ಅಂಟಿಸಿದ್ದ, ಯೋಚನೆಯನ್ನೇ ಮಾಡದೆ. ಹುಳು ಬೀಳದಿರಲೆಂದು ರೆಂಬೆಯನ್ನು ವಿಷದ ನೀರಿನಲ್ಲಿ ಅದ್ದಿದ್ದು ಹೌದು. ಉದುರಿದ ಬೀಜಗಳನ್ನು ಅದ್ದಿರಲಿಲ್ಲ. ಬೆಂಕಿಯಲ್ಲಿ ಕಾಯಿಸಿರಲಿಲ್ಲ, ಮಾಗಿಯ ಬಿಸಿಲಿನಲ್ಲಿ ಒಣಗಿಸಿದ್ದ. ಅವು ಕ್ಯಾತಮ್ಮನ ಒಲೆಯನ್ನು ಕಂಡವಲ್ಲ. ಪೊಟ್ಟಣ ಬಿಚ್ಚಿದಾಗ ಹಿಡಿಯಷ್ಟೂ ಇಲ್ಲ, ಚಿಟಿಕೆಯಷ್ಟು ಕಂದು ಬೀಜ.

"ಸಾರ್," ಎಂದ ರೇಣುಕಯ್ಯ.

"ಆಗೋದಿಲ್ಲ," ಎಂದರು ಸಿದ್ದಗಂಗಯ್ಯನವರು. ಹೇಳುವುದು ಅವರಿಗೂ ಹಿತವಾಗಿರಲಿಲ್ಲ. "ಈ ಗಿಡ ಭೂಮಿಯ ಮೇಲಿತ್ತು ಅನ್ನೋದಕ್ಕೆ ಈ ಹಾಳೆಯೊಂದೇ ಸಾಕ್ಷಿ. ಹೆಸರಿಡೋ ಕೆಲಸ ಮುಗಿದಿಲ್ಲ. ಬೀಜದ ಆಕಾರ, ಅಳತೆ ಎಲ್ಲ ನೋಡಬೇಕು. ಎರಡು ವರ್ಷದ ಹಿಂದಿನ ಬೀಜ, ಮೊಳೆಯೋ ಭರವಸೆಯೇ ಇಲ್ಲ. ಅದನ್ನೂ ಕಳೆದುಕೊಂಡರೆ?"

ರೇಣುಕಯ್ಯ ಕಿಟಕಿಯ ತನಕ ಹೋದ, ಬಾಗಿಲ ತನಕ ಬಂದ, ಮತ್ತೆ ಕಿಟಕಿಗೆ ಹೋದ. ಈ ಕೆಲಸ ಬಿಟ್ಟು ಹೋಗುತ್ತೇನೆ ಎಂದು ಹೇಳಲು ಬಾಯಿ ತೆರೆದ. ಕ್ಯಾತಮ್ಮ ಗೋಡೆಗೊರಗಿ ನಿಂತು ಹಾಳೆಯನ್ನೇ ನೋಡುತ್ತಿದ್ದಳು. ಕೇಳಲೂ ಇಲ್ಲ, ಬೇಡಲೂ ಇಲ್ಲ.

ಸಿದ್ದಗಂಗಯ್ಯನವರು ಭೂತಗನ್ನಡಿ ತೆಗೆದುಕೊಂಡು ಪೊಟ್ಟಣದ ಬೀಜ ನೋಡಿದರು. ಆಮೇಲೆ ಬೋರಪ್ಪನಿಂದ ಫ್ರಿಜ್ಜಿನ ಸೀಸೆ ತರಿಸಿ ಬೆಂದ ಬೀಜ ನೋಡಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆ ನೋಡಿದರು. "ಆಕಾರ ಕೆಟ್ಟಿಲ್ಲ," ಎಂದರು ಮೆಲ್ಲಗೆ. "ಅಳತೆ ಮಾಡುವವರಿಗೆ ಬೆಂದದ್ದೂ ಸಾಕು." ಪೊಟ್ಟಣವನ್ನು ತಾವೇ ಖಾಲಿ ಮಾಡಿ, ಬೆಂದ ಬೀಜ ತುಂಬಿ, ಅದರ ಮೇಲೆ 'ಮೇಕೆ ಹಾಲಿನಲ್ಲಿ ಕುದಿಸಿದ್ದು' ಎಂದು ಬರೆದು ಸಹಿ ಹಾಕಿದರು. "ಹೊರಡಿ ರೇಣುಕಯ್ಯನವರೇ, ನಾನು ಮನಸ್ಸು ಬದಲಾಯಿಸೋದಕ್ಕೆ ಮುಂಚೆ."

ಮಾರನೆಯ ದಿನ ಕೊರಕಲಿನಲ್ಲಿ ಜಿನುಗು ಮಳೆ. ರೇಣುಕಯ್ಯ ಬೀಜಗಳನ್ನು ಅಂಗೈಗೆ ಸುರಿದುಕೊಂಡು, "ನೀನೇ ಬಿತ್ತಜ್ಜಿ, ನನ್ ಕೈ ಸರಿಯಿಲ್ಲ," ಎಂದು ಚಾಚಿದ. ಕ್ಯಾತಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

"ನನ್ ಕೈಗೂ ಕೊಡಂಗಿಲ್ಲ. ಹಸೀವು. ಮಣ್ಣಿಗೆ ಕೊಡು."

ಅವಳು ಬಿರುಕು ತೋರಿಸುತ್ತ ಹೋದಳು, ಅವನು ಮಂಡಿಯೂರಿ ಒಂದೊಂದಕ್ಕೂ ಒಂದೊಂದು ಬೀಜ ಕೊಡುತ್ತ ಹೋದ. ಅವಳು ಮೇಲೆ ಮಣ್ಣು ಸವರಿದಳು. ಮುಗಿದ ಮೇಲೆ ಅವನಿಗೆ ಮಂಡಿ ಹಿಡಿದುಕೊಂಡು ಏಳಲಾಗಲಿಲ್ಲ. "ಮದ್ದು ಬೇಕಾದ್ರೆ ಸೀಸೆ ತುಂಬ ಐತಲ್ಲ ನಿಮ್ಮಾಫೀಸಲ್ಲಿ," ಎಂದಳು. ಅಷ್ಟು ದಿನಗಳ ಮೇಲೆ ಇಬ್ಬರೂ ನಕ್ಕರು.

ಆದರೆ ನಗು ಎಷ್ಟು ದಿನ ಬಂದೀತು. ಭಾನುವಾರ ಬಂತೆಂದರೆ ರೇಣುಕಯ್ಯ ಕೊರಟಗೆರೆಯ ಬಸ್ಸು ಹತ್ತುವನು. ಏನೂ ಕಾಣದೆ ಇಳಿದು ಬರುವನು. ಗೌರಿ ಹಬ್ಬ ಹೋಯಿತು, ದಸರಾ ಹೋಯಿತು. ಮೇಕೆ ತುಳಿಯಿತೋ, ನವಿಲು ಕೆದಕಿತೋ, ಬೀಜವೇ ಸತ್ತಿತ್ತೋ ಎಂದು ಬಸ್ಸಿನಲ್ಲಿ ಪಕ್ಕದವರು ನೋಡುವಷ್ಟು ಕಾಲು ಕುಣಿಸುತ್ತಿದ್ದ. ದೀಪಾವಳಿ ಕಳೆದ ಒಂದು ಭಾನುವಾರ ಕೊರಕಲಿಗೆ ಹೋದಾಗ ಒಂದು ಬಿರುಕಿನ ಸುತ್ತ ಯಾರೋ ಕಲ್ಲು ಜೋಡಿಸಿ, ಮೇಲೆ ಕಾರೆಮುಳ್ಳು ಹೊದಿಸಿದ್ದರು. ಅವನು ಹೊಟ್ಟೆ ಅಡಿಯಾಗಿ ಮಲಗಿ ಮುಳ್ಳಿನ ಸಂದಿಯಿಂದ ನೋಡಿದ. ಎರಡು ಎಲೆ. ಬಿತ್ತಿದ್ದರಲ್ಲಿ ಅದೊಂದೇ. ಅವನಿಗೆ ಅಳು ಬಂತು, ಸಂಕೋಚವಿಲ್ಲದೆ ಅತ್ತ.

ಆ ಒಂದು ಬಳ್ಳಿ ಬಂಡೆ ಹತ್ತಲು, ಕಾಯಿ ಕಟ್ಟಲು ಮೂರು ಮಳೆಗಾಲ ಬೇಕಾಯಿತು. ಬೇಸಿಗೆಯಲ್ಲಿ ಕ್ಯಾತಮ್ಮ ಹಟ್ಟಿಯವರನ್ನೆಲ್ಲ ಬೈದು ಕೊರಕಲಿನ ಸುತ್ತ ಹುಲ್ಲು ಹೆರೆಸಿ ಬೆಂಕಿಗೆ ದಾರಿಯಿಲ್ಲದ ಹಾಗೆ ಮಾಡಿಸಿದಳು. ಮಂಡಿ ಹಿಡಿದು ಬಂದವರಿಗೆ, "ಈ ವರ್ಷ ಮದ್ದಿಲ್ಲ, ಬಿಸಿನೀರು ಹುಯ್ಕೋ ಹೋಗು" ಎಂದು ಕಳಿಸುತ್ತಿದ್ದಳು. ಎಂಬತ್ತೊಂಬತ್ತರ ಸಂಕ್ರಾಂತಿಗೆ ಮೊದಲ ಕಾಯಿಗಳು ಬಲಿತವು. ರೇಣುಕಯ್ಯ ಹೊಸ ಸೀಸೆ ಜೇಬಿನಲ್ಲಿಟ್ಟುಕೊಂಡು ಹೋದ.

ಕ್ಯಾತಮ್ಮ ಆಗಲೇ ಕಾಯಿಗಳನ್ನು ಕಣ್ಣಲ್ಲೇ ಪಾಲು ಮಾಡಿಬಿಟ್ಟಿದ್ದಳು. "ಮೇಲಿನವು ಬೆಟ್ಟದ್ದು. ಕೆಳಗಿನವು ನಿಂದು. ಮಣ್ಣೆಲ್ಲಿ?"

"ಸೀಸೆ ತಂದೀನಿ ಅಜ್ಜಿ. ಸಾಹೇಬ್ರು ಫ್ರಿಜ್ಜಿಗೆ ಬೇಕು ಅಂದವ್ರೆ. ಜಾಗ್ರತೆ ಮಾಡ್ತೀನಿ, ಒಬ್ರ ಕೈಗೂ ಕೊಡಾಕಿಲ್ಲ."

"ಸೀಸೆಗೆ ಬೇಕಾದ್ರೆ ಕೂತ್ಕೋ. ಹಾಲಿಡ್ತೀನಿ, ಕುದಿಸಿ ಕೊಡ್ತೀನಿ."

ಅವಳು ನಗುತ್ತಿರಲಿಲ್ಲ. ರೇಣುಕಯ್ಯ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತ. ಆಮೇಲೆ ಇಳಿದು ಮಧುಗಿರಿಗೆ ಹೋಗಿ, ಮಾರನೆಯ ದಿನ ತೋಟದ ಮಣ್ಣು ತುಂಬಿದ ಒಂದು ಕುಂಡ ಹೊತ್ತು ಮತ್ತೆ ಬೆಟ್ಟ ಹತ್ತಿದ. ಕ್ಯಾತಮ್ಮ ಬಳ್ಳಿಯಿಂದ ಕಾಯಿ ಬಿಡಿಸಿ, ಅವನ ಕೈಗೆ ತಾಗಿಸದೆ, ಒಂದೊಂದೇ ಬೀಜವನ್ನು ತನ್ನ ಬೆರಳಿನಿಂದಲೇ ಕುಂಡದ ಮಣ್ಣಿಗೆ ಒತ್ತಿದಳು. ಮೇಲೆ ಒಂದು ಚಿಟಿಕೆ ಬೆಟ್ಟದ ಮಣ್ಣು ಹಾಕಿದಳು. "ಈಗ ಇಟ್ಕೋ," ಎಂದಳು.

ಬಸ್ಸಿನಲ್ಲಿ ಜಾತ್ರೆಯಷ್ಟು ಜನ. ಕಂಡಕ್ಟರು ಕುಂಡ ನೋಡಿ, ಕೆಳಗಿಡಿ ಸ್ವಾಮಿ, ಯಾರಾದರೂ ಎಡವುತ್ತಾರೆ ಎಂದ. ರೇಣುಕಯ್ಯ ಕೆಳಗಿಡಲಿಲ್ಲ. ಎರಡು ಕೈಯಲ್ಲೂ ತಬ್ಬಿ ತೊಡೆಯ ಮೇಲೆ ಇಟ್ಟುಕೊಂಡ. ಕಾಲು ಕುಣಿಸಿದರೆ ಬೀಜ ಕದಲೀತು. ಮಧುಗಿರಿ ಬರುವವರೆಗೂ ಅವನು ಎರಡು ಪಾದವನ್ನೂ ನೆಲಕ್ಕೂರಿ, ಅಲ್ಲಾಡದೆ ಕೂತಿದ್ದ.